ಯಾತ್ರಿಕರಿಗೆ ಕೊಟ್ಟ ಕೋಣೆಯ ಬಾಡಿಗೆ: ರೈತರು ಇಡಬೇಕಾದ ಲೆಕ್ಕ



ವಿದುರಾಶ್ವತ್ಥಕ್ಕೆ ನಾಗರಕಲ್ಲು ಪ್ರತಿಷ್ಠೆ ಮಾಡಿಸಲು ಬರುವವರು, ಜಾತ್ರೆಗೆ ಬರುವವರು, 1938ರ ಏಪ್ರಿಲ್ 25ರ ಗೋಲೀಬಾರಿನಲ್ಲಿ ಮಡಿದವರ ಸ್ಮಾರಕವನ್ನು ನೋಡಲು ಬರುವವರು ನಮಗೆ ಹೊಸಬರಲ್ಲ. ಇತ್ತೀಚೆಗೆ ಬೆಂಗಳೂರಿನವರು ನಂದಿಬೆಟ್ಟಕ್ಕೆಂದೂ, 2023ರಿಂದ ಆವಲಗುರ್ಕಿಯ ಆದಿಯೋಗಿಯನ್ನು ನೋಡಲೆಂದೂ ನಮ್ಮ ಜಿಲ್ಲೆಗೆ ಬಂದು ಒಂದೆರಡು ರಾತ್ರಿ ಉಳಿಯುತ್ತಾರೆ. ಇದರಿಂದ ಮನೆಯ ಮೇಲೆ ಒಂದು ಕೋಣೆಯನ್ನೋ, ದ್ರಾಕ್ಷಿ ತೋಟದ ಮಗ್ಗುಲಲ್ಲಿ ಎರಡು ಕೋಣೆಗಳನ್ನೋ ಕಟ್ಟಿಸಿ ಬಾಡಿಗೆಗೆ ಕೊಡುವ ರೈತರು ಅಲ್ಲಲ್ಲಿ ಕಾಣುತ್ತಿದ್ದಾರೆ. ಮಳೆ ಕೈಕೊಟ್ಟ ವರ್ಷ ಈ ದುಡ್ಡು ಮನೆಯನ್ನು ನಡೆಸುತ್ತದೆ. ಅದು ಒಳ್ಳೆಯದೇ. ಆದರೆ ಈ ದುಡ್ಡಿನ ಲೆಕ್ಕವನ್ನು ಸರ್ಕಾರಕ್ಕೆ ಹೇಗೆ ಒಪ್ಪಿಸಬೇಕೆಂಬುದರಲ್ಲಿ ನಮ್ಮಲ್ಲಿ ಬಹಳ ಗೊಂದಲವಿದೆ.

ವ್ಯವಸಾಯದ ಡಿಪ್ಲೊಮಾ ಓದಿದ ಗ್ರಾಮಸೇವಕನಿಗೆ ತೆರಿಗೆಯ ಪಾಠ ಏಕೆ ಎಂದು ನೀವು ಕೇಳಬಹುದು. ಕಾರಣವಿದೆ. ಎರಡು ವರ್ಷಗಳ ಹಿಂದೆ ಹಿರಿಯ ರೈತರೊಬ್ಬರು, "ತೋಟದ ಮನೆಯ ಬಾಡಿಗೆ ಬೇಸಾಯದ ವರಮಾನವೇ ತಾನೇ?" ಎಂದು ನನ್ನನ್ನು ಕೇಳಿದರು. "ಹೌದು ಯಜಮಾನರೇ, ಹೊಲದಲ್ಲಿರುವ ಮನೆ ತಾನೆ" ಎಂದುಬಿಟ್ಟೆ. ಅವರು ಹಾಗೆಯೇ ಬರೆಸಿದರು. ಅವರಿಗೆ ಪಿಂಚಣಿಯೂ ಇತ್ತು. ಕೆಲವು ತಿಂಗಳಿಗೆ ನೋಟೀಸು ಬಂತು, ಬಾಕಿ ತೆರಿಗೆಯನ್ನು ಬಡ್ಡಿ ಸಮೇತ ಕಟ್ಟಬೇಕಾಯಿತು. ಅವರು ನನ್ನನ್ನು ಬೈಯಲಿಲ್ಲ. ಅದೇ ನನಗೆ ಹೆಚ್ಚು ನಾಚಿಕೆಯಾಯಿತು. ಆಮೇಲೆ ಕುಳಿತು ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಾನು ತಪ್ಪಿದ ಜಾಗವನ್ನೇ ನೋಡೋಣ. ಹೊಲದ ಮೇಲಿರುವ ಅಥವಾ ಹೊಲಕ್ಕೆ ಹೊಂದಿಕೊಂಡಿರುವ ಕಟ್ಟಡ ರೈತನ ವಾಸಕ್ಕೋ, ಕಾಳು ಗೊಬ್ಬರ ಇಡುವುದಕ್ಕೋ ಬೇಕಾಗಿದ್ದರೆ ಅದರ ವರಮಾನವನ್ನು 1961ರ ವರಮಾನ ತೆರಿಗೆ ಕಾಯಿದೆ ಬೇಸಾಯದ ವರಮಾನವೆಂದೇ ಎಣಿಸಿತ್ತು. ಇದನ್ನು ಹಿಡಿದುಕೊಂಡು ತೋಟದ ಮನೆಗಳನ್ನು ಬಾಡಿಗೆಗೆ ಕೊಟ್ಟವರೂ ವಿನಾಯಿತಿ ಕೇಳತೊಡಗಿದರು. ಆಗ 2000ನೇ ಇಸವಿಯ ಹಣಕಾಸು ಕಾಯಿದೆ ಒಂದು ವಿವರಣೆಯನ್ನು ಸೇರಿಸಿತು. ಅಂಥ ಕಟ್ಟಡವನ್ನಾಗಲಿ ಜಾಗವನ್ನಾಗಲಿ ಬೇಸಾಯವಲ್ಲದ ಬೇರೆ ಕೆಲಸಕ್ಕೆ ಬಳಸಿ, ಅಂದರೆ ವಾಸಕ್ಕೆ ಬಾಡಿಗೆಗೆ ಕೊಟ್ಟು ಇಲ್ಲವೆ ವ್ಯಾಪಾರಕ್ಕೆ ಕೊಟ್ಟು, ಪಡೆದ ಹಣ ಬೇಸಾಯದ ವರಮಾನವಲ್ಲ ಎಂಬುದೇ ಆ ವಿವರಣೆ. ದ್ರಾಕ್ಷಿ ಮಾರಿದ ಹಣಕ್ಕೆ ತೆರಿಗೆಯಿಲ್ಲ. ದ್ರಾಕ್ಷಿ ತೋಟದೊಳಗಿನ ಕೋಣೆಯ ಬಾಡಿಗೆ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ನಿಮ್ಮ ಹೊಲದ ರಾಗಿಯಿಂದಲೇ ಮುದ್ದೆ ಮಾಡಿ ಬಡಿಸಿದರೂ ಊಟದ ದುಡ್ಡನ್ನು ಬೇಸಾಯದ ವರಮಾನವೆಂದು ಬರೆಯಲಾಗದು. ಕೆಲವರು ಬಾಡಿಗೆ ಎನ್ನದೆ "ಕಾಣಿಕೆ" ಎಂದು ರಸೀದಿ ಕೊಡುತ್ತಾರಂತೆ. ಹೆಸರು ಬದಲಾದ ಮಾತ್ರಕ್ಕೆ ಹಣದ ಜಾತಿ ಬದಲಾಗುವುದಿಲ್ಲ.

ಹಾಗಾದರೆ ಇದನ್ನು ಯಾವ ಬಾಬಿನಲ್ಲಿ ತೋರಿಸಬೇಕು? ಕೋಣೆಯನ್ನು ಮಾತ್ರ ಕೊಟ್ಟು ಬಾಡಿಗೆ ಪಡೆದರೆ ಅದು ಮನೆ ಆಸ್ತಿಯ ವರಮಾನ. ಮಾಲೀಕನು ತನ್ನ ವಾಸದ ಮನೆಯನ್ನೋ ಅದರ ಭಾಗವನ್ನೋ ಬಾಡಿಗೆಗೆ ಕೊಟ್ಟದ್ದನ್ನು ವ್ಯಾಪಾರದ ಬಾಬಿನಲ್ಲಿ ತೋರಿಸುವಂತಿಲ್ಲವೆಂದು 2024ರ ಹಣಕಾಸು ಕಾಯಿದೆ ಸ್ಪಷ್ಟಪಡಿಸಿದೆ. ಈ ಬಾಬಿನಲ್ಲಿ ಲೆಕ್ಕ ಸುಲಭ: ಬಂದ ಬಾಡಿಗೆಯಲ್ಲಿ ನೀವು ಕಟ್ಟಿದ ಕಂದಾಯವನ್ನು ಕಳೆದು, ಉಳಿದದ್ದರಲ್ಲಿ ನೂರಕ್ಕೆ 30ನ್ನು ಯಾವ ರಸೀದಿಯನ್ನೂ ಕೇಳದೆ ಬಿಡುತ್ತಾರೆ. ಕೋಣೆ ಕಟ್ಟಿಸಲು ಸಾಲ ತೆಗೆದಿದ್ದರೆ ಅದರ ಬಡ್ಡಿಯನ್ನೂ ಕಳೆಯಬಹುದು. ಸುಣ್ಣಬಣ್ಣ, ದುರಸ್ತಿ, ದಲ್ಲಾಳಿಯ ಕಮಿಷನ್ ಎಲ್ಲವೂ ಆ 30ರೊಳಗೇ ಸೇರಿಹೋಗುತ್ತವೆ, ಬೇರೆ ಕಳೆಯುವಂತಿಲ್ಲ.

ಊಟ, ತಿಂಡಿ, ಎತ್ತಿನ ಗಾಡಿಯ ಸವಾರಿ, ತೋಟ ತೋರಿಸುವುದು ಎಲ್ಲವನ್ನೂ ಸೇರಿಸಿ ನಡೆಸುವುದಾದರೆ ಅದಕ್ಕೆ ವ್ಯಾಪಾರದ ಲಕ್ಷಣ ಬರುತ್ತದೆ. ಸಣ್ಣ ವ್ಯಾಪಾರಿಗಳಿಗೆ ಅಂದಾಜು ಲಾಭದ ಕ್ರಮವೊಂದಿದೆ: ವಹಿವಾಟಿನಲ್ಲಿ ನಗದಾಗಿ ಬಂದದ್ದಕ್ಕೆ ನೂರಕ್ಕೆ 8, ಬ್ಯಾಂಕು ಅಥವಾ ಯುಪಿಐ ಮೂಲಕ ಬಂದದ್ದಕ್ಕೆ ನೂರಕ್ಕೆ 6ರಷ್ಟನ್ನು ಲಾಭವೆಂದು ತೋರಿಸಿದರೆ ಖರ್ಚಿನ ಪುಸ್ತಕವನ್ನು ಕೇಳುವುದಿಲ್ಲ. ಇದು ಕಡಿಮೆಯಾಗಿ ಕಾಣುತ್ತದೆಂದು ಬರಿಯ ಕೋಣೆ ಬಾಡಿಗೆಯನ್ನೂ ಇದರೊಳಗೆ ತುರುಕಬೇಡಿ. ಬಾಡಿಗೆ ಎಷ್ಟು, ಊಟಕ್ಕೆ ಎಷ್ಟು ಎಂದು ಮೊದಲ ದಿನದಿಂದಲೇ ಬೇರೆಬೇರೆ ಬರೆದಿಡುವುದು ಜಾಣತನ.

ಈಗ ಒಂದು ಲೆಕ್ಕ. ಒಬ್ಬ ರೈತರಿಗೆ 2025-26ನೇ ಸಾಲಿನಲ್ಲಿ ಎರಡು ಕೋಣೆಗಳಿಂದ 3,00,000 ರೂ. ಬಾಡಿಗೆ ಬಂತೆಂದಿಟ್ಟುಕೊಳ್ಳೋಣ. ಪಂಚಾಯಿತಿ ಕಂದಾಯ 2,000 ಕಳೆದರೆ 2,98,000. ಅದರಲ್ಲಿ ನೂರಕ್ಕೆ 30, ಅಂದರೆ 89,400 ಕಳೆದರೆ ಉಳಿಯುವುದು 2,08,600. ಹೊಸ ಪದ್ಧತಿಯಲ್ಲಿ ಆ ಸಾಲಿಗೆ 4 ಲಕ್ಷದವರೆಗೆ ತೆರಿಗೆಯಿಲ್ಲ. ಬೇರೆ ವರಮಾನವಿಲ್ಲದಿದ್ದರೆ ಇವರು ಏನೂ ಕಟ್ಟಬೇಕಾಗಿಲ್ಲ.

ಇನ್ನೊಬ್ಬರಿಗೆ ಇದೇ ರೀತಿ ಕಳೆಯುವುದನ್ನೆಲ್ಲ ಕಳೆದು ಬಾಡಿಗೆಯಿಂದ 6,30,000 ರೂ. ಉಳಿಯಿತು, ಬೇಸಾಯದಿಂದ 3,00,000 ಬಂತು. ಬೇಸಾಯದ ಹಣಕ್ಕೆ ತೆರಿಗೆಯಿಲ್ಲವಾದರೂ ಅದು 5,000 ರೂಪಾಯಿ ಮೀರಿ, ಉಳಿದ ವರಮಾನ ವಿನಾಯಿತಿಯ ಮಿತಿಯನ್ನೂ ಮೀರಿದರೆ, ದರ ಗೊತ್ತುಮಾಡುವುದಕ್ಕಾಗಿ ಎರಡನ್ನೂ ಕೂಡುತ್ತಾರೆ. ಕೂಡಿದರೆ 9,30,000, ಅದಕ್ಕೆ ತೆರಿಗೆ 33,000. ಬೇಸಾಯದ 3 ಲಕ್ಷಕ್ಕೆ ಮಿತಿಯ 4 ಲಕ್ಷವನ್ನು ಸೇರಿಸಿದರೆ 7 ಲಕ್ಷ. ಅದಕ್ಕೆ ತೆರಿಗೆ 15,000. ಇವೆರಡರ ವ್ಯತ್ಯಾಸ 18,000 ರೂ. ಇವರ ತೆರಿಗೆ. ಆದರೆ ತೆರಿಗೆಗೆ ಒಳಪಡುವ ವರಮಾನ 12 ಲಕ್ಷ ಮೀರದವರಿಗೆ ಆ ಸಾಲಿನಲ್ಲಿ 60,000 ರೂ. ವರೆಗೆ ರಿಯಾಯಿತಿ ಇರುವುದರಿಂದ ಇದೂ ಸೊನ್ನೆಯಾಗುತ್ತದೆ. "ಸೊನ್ನೆ ತಾನೆ, ರಿಟರ್ನು ಏಕೆ?" ಎನ್ನಬೇಡಿ. ಅವರ ವರಮಾನ 4 ಲಕ್ಷವನ್ನು ಮೀರಿರುವುದರಿಂದ ರಿಟರ್ನು ಕಡ್ಡಾಯ. ರಿಯಾಯಿತಿ ಸಿಗುವುದು ಲೆಕ್ಕ ಒಪ್ಪಿಸಿದವರಿಗೆ.

ರಿಟರ್ನಿನ ನಮೂನೆಯಲ್ಲಿಯೂ ನಮ್ಮವರು ಎಡವುತ್ತಾರೆ. ಪಟ್ಟಣದ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತ ಹುಡುಗ ಎಲ್ಲರಿಗೂ ಐ.ಟಿ.ಆರ್. 1ನ್ನೇ ತುಂಬುತ್ತಾನೆ. ಬೇಸಾಯದ ವರಮಾನ 5,000 ರೂ. ಮೀರಿದವರು ನಮೂನೆ 1ನ್ನಾಗಲಿ 4ನ್ನಾಗಲಿ ಬಳಸುವಂತಿಲ್ಲ. ಬಾಡಿಗೆ ಮಾತ್ರವಿದ್ದರೆ ನಮೂನೆ 2, ವ್ಯಾಪಾರವೂ ಇದ್ದರೆ ನಮೂನೆ 3. ಐದು ಸಾವಿರದ ಬೆಳೆ ಯಾವ ರೈತನಿಗೆ ಇಲ್ಲ ಹೇಳಿ!

ಇನ್ನು ಫೋನಿನ ಮೂಲಕ ಕೋಣೆ ಕಾಯ್ದಿರಿಸುವ ಕಂಪನಿಗಳ ಮಾತು. ಅತಿಥಿ 2,000 ರೂ. ಕೊಟ್ಟರೆ, ಕಂಪನಿ ಕಮಿಷನ್ 300 ಹಿಡಿದು ನಿಮ್ಮ ಬ್ಯಾಂಕಿಗೆ 1,700 ಹಾಕಬಹುದು. ನೀವು ಪಾಸ್‌ಬುಕ್ ನೋಡಿ 1,700 ಎಂದು ಬರೆಯುತ್ತೀರಿ. ಕಂಪನಿ ಮೂಲದಲ್ಲಿ ತೆರಿಗೆ ಹಿಡಿಯುವಾಗ ಲೆಕ್ಕ ಹಾಕುವುದು ಪೂರ್ತಿ 2,000ದ ಮೇಲೆ, ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ಕಾಣುವುದೂ ಆ ಅಂಕಿಯೇ. ವರ್ಷವಿಡೀ ಹೀಗೆ ಸೇರಿದರೆ ನಿಮ್ಮ ಲೆಕ್ಕಕ್ಕೂ ಅವರ ಲೆಕ್ಕಕ್ಕೂ ದೊಡ್ಡ ಅಂತರ ಬೀಳುತ್ತದೆ. 2024ರ ಅಕ್ಟೋಬರ್ 1ರಿಂದ ಹಿಡಿಯುವ ತೆರಿಗೆ ಸಾವಿರಕ್ಕೆ ಒಂದು ರೂಪಾಯಿ ಮಾತ್ರ. ವರ್ಷದ ಮೊತ್ತ 5 ಲಕ್ಷ ಮೀರದೆ, ಪ್ಯಾನ್ ಅಥವಾ ಆಧಾರ್ ಕೊಟ್ಟಿದ್ದರೆ ಅದನ್ನೂ ಹಿಡಿಯುವುದಿಲ್ಲ. ಕೊಡದಿದ್ದರೆ ಮಾತ್ರ ನೂರಕ್ಕೆ 5 ಹೋಗುತ್ತದೆ. ಹೋದದ್ದನ್ನು ಹಿಂದಕ್ಕೆ ಪಡೆಯಲು ರಿಟರ್ನು ಹಾಕಲೇಬೇಕು.

ಈ ಪ್ಯಾನ್ ಯಾರದು ಎಂಬುದು ನಮ್ಮ ಹಳ್ಳಿಗಳಲ್ಲಿ ಎಲ್ಲಕ್ಕಿಂತ ದೊಡ್ಡ ತೊಡಕು. ಮನೆಯ ಖಾತೆ ತಂದೆಯ ಹೆಸರಿನಲ್ಲಿ, ಫೋನು ಮಗನದು, ಯುಪಿಐ ಸೊಸೆಯದು. ಬಾಡಿಗೆಗೆ ತೆರಿಗೆ ಹೊರುವವರು ಮನೆಯ ಮಾಲೀಕರು. ಪಟ್ಟಿಯಲ್ಲಿ ಕಾಣುವುದು ಮಗನ ಹೆಸರು. ಮಗನಿಗೆ ಬೆಂಗಳೂರಿನಲ್ಲಿ ನೌಕರಿಯಿದ್ದರಂತೂ ಬಾಡಿಗೆ ಅವನ ಸಂಬಳದ ಮೇಲೆ ಬಂದು ಕೂರುತ್ತದೆ, ಅವನಿಗೆ ಪ್ರಶ್ನೆ ಬರುತ್ತದೆ, ಮನೆಯಲ್ಲಿ ಮಾತು ಬೆಳೆಯುತ್ತದೆ. ಕಂಪನಿಯಲ್ಲಿ ಹೆಸರು ನೋಂದಾಯಿಸುವಾಗಲೇ ಖಾತೆದಾರರ ಪ್ಯಾನನ್ನೂ ಅವರದೇ ಬ್ಯಾಂಕ್ ಖಾತೆಯನ್ನೂ ಕೊಡಿ. ಅಣ್ಣತಮ್ಮಂದಿರ ಪಾಲು ಇಂತಿಷ್ಟೆಂದು ಗೊತ್ತಾಗಿದ್ದರೆ ಅವರವರ ಪಾಲಿನ ಬಾಡಿಗೆಯನ್ನು ಅವರವರು ತೋರಿಸಬೇಕು.

ಸರಕು ಮತ್ತು ಸೇವಾ ತೆರಿಗೆಯ ವಿಷಯ ಎರಡೇ ಮಾತು. ಹಿಂದೆ ವಸತಿಗೃಹಗಳಿಗಿದ್ದ 1979ರ ಕರ್ನಾಟಕ ವಿಲಾಸ ತೆರಿಗೆ 2017ರ ಜುಲೈ 1ರಿಂದ ಇದರಲ್ಲಿ ಲೀನವಾಯಿತು. ವರ್ಷದ ವಹಿವಾಟು 20 ಲಕ್ಷ ಮೀರದವರು ನೋಂದಣಿ ಮಾಡಿಸಬೇಕಾಗಿಲ್ಲ. ಕಂಪನಿಯ ಮೂಲಕ ಬಂದ ಅತಿಥಿಗಳ ತೆರಿಗೆಯನ್ನು ಕಂಪನಿಯೇ ಕಟ್ಟುತ್ತದೆ.

ಪಂಚಾಯಿತಿಗೂ ತಿಳಿಸಿ. ವಾಸದ ಮನೆಗೂ ವಾಣಿಜ್ಯದ ಕಟ್ಟಡಕ್ಕೂ ಕಂದಾಯದ ದರ ಬೇರೆ. ಹೆಚ್ಚು ಕಟ್ಟಬೇಕಾಗಿ ಬಂದರೂ ಆ ರಸೀದಿ ಮೇಲಿನ ಲೆಕ್ಕದಲ್ಲಿ ನಿಮಗೇ ಬರುತ್ತದೆ.

ಕೊನೆಯದಾಗಿ ಪುಸ್ತಕ. ಇನ್ನೂರು ಪುಟದ ಒಂದು ನೋಟ್ ಪುಸ್ತಕ ಸಾಕು. ತಾರೀಖು, ಬಂದವರ ಹೆಸರು, ಎಷ್ಟು ರಾತ್ರಿ, ಕೋಣೆಗೆ ಎಷ್ಟು, ಊಟಕ್ಕೆ ಎಷ್ಟು, ನಗದೋ ಫೋನಿನಲ್ಲೋ, ಕಂಪನಿ ಹಿಡಿದದ್ದು ಎಷ್ಟು: ಇಷ್ಟು ಮನೆಗಳನ್ನು ಗೆರೆ ಎಳೆದು ಮಾಡಿಕೊಳ್ಳಿ. ಹಾಲಿನ ಡೈರಿಯ ಲೆಕ್ಕವನ್ನು ದಿನಕ್ಕೆರಡು ಬಾರಿ ಚೀಟಿಯಲ್ಲಿ ಇಡುವ ನಮ್ಮ ತಾಯಂದಿರಿಗೆ ಇದು ಕಷ್ಟವಲ್ಲ. ಪುಸ್ತಕವನ್ನು ಅವರ ಕೈಗೇ ಕೊಡಿ. ಜಾತ್ರೆಯ ದಿನಗಳಲ್ಲಿ ನಗದು ಹೆಚ್ಚು ಬರುತ್ತದೆ, ಬರೆಯಲು ಪುರುಸೊತ್ತಿರುವುದಿಲ್ಲ. ಅಂದು ರಾತ್ರಿ ಮಲಗುವ ಮುಂಚೆ ಬರೆದರಾಯಿತು.

2026ರ ಏಪ್ರಿಲ್ 1ರಿಂದ ಹಳೆಯ ಕಾಯಿದೆಯ ಜಾಗಕ್ಕೆ 2025ರ ವರಮಾನ ತೆರಿಗೆ ಕಾಯಿದೆ ಬರುತ್ತದೆ. ಆ ದಿನದಿಂದ ಪುಸ್ತಕದ ಹೊಸ ಪುಟ ತೆಗೆದು ಮೇಲೆ "ತೆರಿಗೆ ವರ್ಷ 2026-27" ಎಂದು ಬರೆಯಿರಿ. ಅದಕ್ಕೆ ಹಿಂದಿನ ವರಮಾನಕ್ಕೆ ಹಳೆಯ ಕಾಯಿದೆಯೇ ಅನ್ವಯಿಸುವುದರಿಂದ ಹಿಂದಿನ ಪುಟಗಳನ್ನು ಹರಿಯದೆ ಇಟ್ಟುಕೊಳ್ಳಿ. ಹಳ್ಳಿಯ ಸುತ್ತಿಗೆ ನಾನು ಬಂದಾಗ ಮನೆಯ ಖಾತೆಯ ನಕಲು, ಕಂದಾಯದ ರಸೀದಿ ಮತ್ತು ಈ ಪುಸ್ತಕವನ್ನು ತಂದರೆ ಕುಳಿತು ನೋಡೋಣ; ನಿಮ್ಮ ರಿಟರ್ನು ತುಂಬುವವರ ಬಳಿಗೆ ಹೋಗುವಾಗ ಇವು ಮೂರೂ ಕೈಯಲ್ಲಿರಲಿ.