ಫೋನು ಟಿಂಗ್ ಅಂದರೆ ಎದೆ ಢವಢವ

ಪ್ರಶ್ನೆ: ನಾನು ಹೊಸದುರ್ಗ ತಾಲ್ಲೂಕಿನಲ್ಲಿ ಗ್ರಾಮ ಆಡಳಿತಾಧಿಕಾರಿ. ವಯಸ್ಸು 33. ಯಜಮಾನರ ಕೆಲಸ ಹಿರಿಯೂರಿನಲ್ಲಿ, ವಾರಕ್ಕೊಮ್ಮೆ ಬರುತ್ತಾರೆ. ಮಗಳನ್ನು ಅತ್ತೆ ನೋಡಿಕೊಳ್ಳುತ್ತಾರೆ. ಒಂದು ವರ್ಷದಿಂದ ಫೋನು ಟಿಂಗ್ ಅಂದರೆ ಸಾಕು, ಎದೆ ಢವಢವ ಅನ್ನುತ್ತೆ, ಅಂಗೈ ಬೆವರುತ್ತೆ. ಆಫೀಸ್ ಗ್ರೂಪಿನಲ್ಲಿ ರಾತ್ರಿ ಹತ್ತು ಗಂಟೆಗೂ ಮೆಸೇಜ್: ಯಾರ ಸರ್ಕಲ್ ಎಷ್ಟು ಪರ್ಸೆಂಟ್, ಯಾರು ಕೊನೆಯಲ್ಲಿದ್ದಾರೆ ಅಂತ. ರಾತ್ರಿ ಮೂರಕ್ಕೆ ಎಚ್ಚರವಾಗುತ್ತೆ. ಪಹಣಿಗೆ ಆಧಾರ್ ಜೋಡಿಸಿದ್ದು ಸರಿಯಿತ್ತಾ, ಪೌತಿ ಖಾತೆ ಅರ್ಜಿಯ ವಂಶವೃಕ್ಷ ಸರಿಯಾಗಿ ನೋಡಿದ್ನಾ ಅಂತ ಎದ್ದು ಫೋನಿನಲ್ಲಿರೋ ಫೋಟೊಗಳನ್ನ ಮತ್ತೆ ಮತ್ತೆ ನೋಡ್ತೀನಿ. ಒಂದು ದಿನ ಹೊಳಲ್ಕೆರೆ ಬಸ್ಸಿನಲ್ಲಿ ಉಸಿರು ಕಟ್ಟಿ, ಹಾರ್ಟ್ ಅಟ್ಯಾಕೇ ಅಂದುಕೊಂಡೆ. ಚಿತ್ರದುರ್ಗದಲ್ಲಿ ಇಸಿಜಿ ಮಾಡಿಸಿದೆವು, ನಾರ್ಮಲ್. 'ಏನೂ ಇಲ್ಲ, ಟೆನ್ಷನ್ ಬಿಡಮ್ಮ' ಅಂದರು. ಆಮೇಲೆ ಬಸ್ಸೇ ಹತ್ತಿಲ್ಲ, ಸ್ಕೂಟಿಯಲ್ಲೇ ಓಡಾಟ. ಅತ್ತೆ ಹಾಲುರಾಮೇಶ್ವರ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿದ್ದರು. ಮೆಡಿಕಲ್ ಶಾಪಿನಲ್ಲಿ ಕೊಟ್ಟ ಮಾತ್ರೆ ಅರ್ಧ ತಗೊಂಡರೆ ನಿದ್ದೆ ಬರುತ್ತೆ. ಯಜಮಾನರಿಗೆ ಏನೂ ಹೇಳಿಲ್ಲ. ಮಾನಸಿಕ ಡಾಕ್ಟರ ಹತ್ತಿರ ಹೋದರೆ ಸರ್ವಿಸ್‌ಗೆ ತೊಂದರೆಯಾಗುತ್ತಾ? ಕೆಲಸವನ್ನೇ ಬಿಟ್ಟುಬಿಡಲಾ? ಸ್ಕೂಟಿಯಿಂದ ಬಿದ್ದು ಕಾಲು ಮುರಿದರೆ ಒಂದು ತಿಂಗಳು ರಜೆಯಾದರೂ ಸಿಗುತ್ತಲ್ಲ ಅಂತ ಒಮ್ಮೊಮ್ಮೆ ಅನ್ನಿಸುತ್ತೆ.
— ಹೆಸರು ಬೇಡ, ಹೊಸದುರ್ಗ

ಉತ್ತರ: ನೀವು ಕೊನೆಯಲ್ಲಿ ಬರೆದದ್ದಕ್ಕೇ ಮೊದಲು ಉತ್ತರಿಸುತ್ತೇನೆ. ಕಾಲು ಮುರಿದರೆ ರಜೆ ಸಿಗುತ್ತದೆ ಅನ್ನುವ ಯೋಚನೆ ನಿಮಗೊಬ್ಬರಿಗೇ ಬಂದದ್ದಲ್ಲ. ಬ್ಯಾಂಕಿನವರ ಬಾಯಲ್ಲಿ, ಮೇಷ್ಟರ ಬಾಯಲ್ಲಿ, ಸಾಲ ವಸೂಲಿಗೆ ಹಳ್ಳಿ ಹಳ್ಳಿ ಸುತ್ತುವ ಹುಡುಗರ ಬಾಯಲ್ಲಿ ಇದನ್ನು ಕೇಳಿದ್ದೇನೆ. ಹಾಗಂತ ಹಗುರವಾಗಿ ತೆಗೆದುಕೊಳ್ಳುವ ಮಾತಲ್ಲ. ರಜೆ ಕೇಳಲು ಮೂಳೆಯನ್ನೇ ಮುರಿದುಕೊಳ್ಳಬೇಕು ಅನ್ನಿಸುವಷ್ಟು ನೀವು ದಣಿದಿದ್ದೀರಿ. ಈ ಯೋಚನೆ ಎಂದಾದರೂ 'ನಾನೇ ಇಲ್ಲದಿದ್ದರೆ' ಅನ್ನುವ ಕಡೆ ಹೊರಳಿದರೆ, ಆ ಗಳಿಗೆಯಲ್ಲೇ 14416ಕ್ಕೆ ಫೋನ್ ಮಾಡಿ. ಅದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಇನ್ನು ಬಸ್ಸಿನಲ್ಲಿ ಆದದ್ದು. 'ಏನೂ ಇಲ್ಲ' ಅಂದದ್ದು ನಿಮ್ಮ ಹೃದಯದ ಮಟ್ಟಿಗೆ ನಿಜ, ನಿಮ್ಮ ಮಟ್ಟಿಗೆ ಅಲ್ಲ. ಅದು ಪ್ಯಾನಿಕ್ ಅಟ್ಯಾಕ್ ಇದ್ದ ಹಾಗಿದೆ. ಅಪಾಯ ಎದುರಿಗಿದೆ ಎಂದು ಮೆದುಳು ತಪ್ಪಾಗಿ ತಿಳಿದು ಅಡ್ರಿನಲಿನ್ ಬಿಡುತ್ತದೆ. ಓಡಲು ಬೇಕಾದ ಶಕ್ತಿಯೆಲ್ಲ ಮೈಗೆ ಬರುತ್ತದೆ, ಓಡುವ ಜಾಗ ಮಾತ್ರ ಇರುವುದಿಲ್ಲ. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿಗೇರಿ, ಆಮೇಲೆ ತಾನಾಗಿ ಇಳಿಯುತ್ತದೆ. ಭಯಂಕರ ಅನ್ನಿಸುತ್ತದೆ, ಜೀವಕ್ಕೆ ಅಪಾಯವಿಲ್ಲ. ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ನೋಡಿಸಿದ್ದೀರೋ ಇಲ್ಲವೋ ಬರೆದಿಲ್ಲ. ಎರಡರಲ್ಲಿ ಯಾವುದು ಹದ ತಪ್ಪಿದರೂ ಎದೆಬಡಿತ ಏರುಪೇರಾಗಬಹುದು, ಒಮ್ಮೆ ಮಾಡಿಸಿ. ಚಹಾ ಕಾಫಿ ಎಷ್ಟು ಸಲ ಕುಡಿಯುತ್ತೀರಿ ಎಂದೂ ಲೆಕ್ಕ ಹಾಕಿ.

ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಚಿಂತೆ ಹುಟ್ಟಿಸಿದ್ದು ರಾತ್ರಿ ಮೂರರ ಫೋಟೊಗಳು. ಅವನ್ನು ತೆರೆದು ನೋಡಿದ ಕೂಡಲೇ 'ಸದ್ಯ, ಸರಿಯಿದೆ' ಅಂತ ಸಮಾಧಾನವಾಗುತ್ತದೆ. ಆ ಸಮಾಧಾನವೇ ತೊಂದರೆಯ ಬೇರು. ನೋಡಿದ್ದರಿಂದಲೇ ಬಚಾವಾದೆ ಎಂದು ಮನಸ್ಸು ಪಾಠ ಕಲಿಯುತ್ತದೆ, ನಾಳೆ ಎರಡು ಸಲ ನೋಡಿಸುತ್ತದೆ. ತುರಿಕೆಯನ್ನು ಕೆರೆದ ಹಾಗೆ ಇದು. ಬಸ್ಸು ಬಿಟ್ಟದ್ದೂ ಇದೇ ಜಾತಿಯದು: ಹತ್ತದೆ ಇದ್ದದ್ದಕ್ಕೇ ಉಳಿದುಕೊಂಡೆ ಅನ್ನುವ ನಂಬಿಕೆ ದಿನದಿನಕ್ಕೆ ಗಟ್ಟಿಯಾಗುತ್ತಿದೆ.

ಹಾಗಾಗಿ ಪರಿಶೀಲನೆಯನ್ನು ಹಗಲಿಗೆ ಕಟ್ಟಿಹಾಕಿ. ಒಂದು ಅರ್ಜಿ ಮುಗಿದಾಗ ಒಂದೇ ಸಲ ನೋಡಿ, ಡೈರಿಯಲ್ಲಿ ಅರ್ಜಿ ಸಂಖ್ಯೆ, ಸಮಯ ಬರೆದು ಸಹಿ ಹಾಕಿ ಮುಚ್ಚಿಬಿಡಿ. ನಾಳೆ ಯಾರಾದರೂ ಕೇಳಿದರೆ ನಿಮ್ಮ ಬಳಿ ದಾಖಲೆಯೂ ಇರುತ್ತದೆ. ರಾತ್ರಿ ಫೋನು ನಡುಮನೆಯಲ್ಲಿರಲಿ, ಅಲಾರಂಗೆ ಬೇರೆ ಗಡಿಯಾರ ತನ್ನಿ. ಮೂರಕ್ಕೆ ಎಚ್ಚರವಾದರೆ ಹಾಸಿಗೆಯಲ್ಲಿ ಹೊರಳಾಡುತ್ತ ಮಲಗಬೇಡಿ. ಎದ್ದು ಕೂತು, ಮೂಗಿನಲ್ಲಿ ಉಸಿರು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡಿ. ನಾಲ್ಕು ಎಣಿಸಿ ಎಳೆದರೆ ಆರು ಎಣಿಸಿ ಬಿಡುವುದು. ಮೊದಲ ಕೆಲವು ರಾತ್ರಿ ಆತಂಕ ಹೆಚ್ಚೇ ಆಗುತ್ತದೆ, ಅದಕ್ಕೆ ಸಿದ್ಧರಾಗಿರಿ. ಫೋಟೊ ನೋಡದೆಯೂ ಅದು ಇಳಿಯುತ್ತದೆ ಎಂದು ನಿಮಗೆ ನೀವೇ ತೋರಿಸಿಕೊಳ್ಳಬೇಕು, ನಾನು ಹೇಳಿದರೆ ಮನಸ್ಸು ನಂಬುವುದಿಲ್ಲ. ಬಸ್ಸೂ ಅಷ್ಟೇ. ಮೊದಲು ಎರಡು ಸ್ಟೇಜ್ ಹೋಗಿ ಇಳಿಯಿರಿ, ಬೇಕಾದರೆ ಗೆಳತಿ ಜತೆಗಿರಲಿ, ಆಮೇಲೆ ಒಬ್ಬರೇ, ಆಮೇಲೆ ಹೊಳಲ್ಕೆರೆಯವರೆಗೆ.

ಇಷ್ಟು ಹೇಳಿ ನಿಲ್ಲಿಸಿದರೆ ನಿಮಗೆ ಅನ್ಯಾಯ ಮಾಡಿದ ಹಾಗೆ. ಉಸಿರಾಟ ಸರಿಮಾಡಿಕೊಂಡರೆ ಟಾರ್ಗೆಟ್ ಕಡಿಮೆಯಾಗುವುದಿಲ್ಲ. 2024ರ ಸೆಪ್ಟೆಂಬರ್ ಕೊನೆಯಲ್ಲಿ, ಮತ್ತೆ 2025ರ ಫೆಬ್ರುವರಿಯಲ್ಲಿ ನಿಮ್ಮವರೇ ರಾಜ್ಯದಾದ್ಯಂತ ಮುಷ್ಕರ ಕೂತರಲ್ಲ, ಬೇಡಿಕೆ ಏನಿತ್ತು? ಒಂದರ ಮೇಲೊಂದು ಆ್ಯಪ್‌ಗಳ ಒತ್ತಡ, ಆ ಕೆಲಸಕ್ಕೆ ತಕ್ಕ ಮೊಬೈಲು ಲ್ಯಾಪ್‌ಟಾಪು ಇಲ್ಲದ್ದು, ಸರಿಯಾದ ಕಚೇರಿ ಇಲ್ಲದ್ದು. ಅಷ್ಟು ಜನಕ್ಕೆ ಒಟ್ಟಿಗೇ ಮನಸ್ಸು ದುರ್ಬಲವಾಗಿರಲು ಸಾಧ್ಯವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಕೆಲಸದ ಜಾಗದ ಮಾನಸಿಕ ಆರೋಗ್ಯದ ಬಗ್ಗೆ ಮಾರ್ಗಸೂಚಿ ತಂದಾಗ, ಕೆಲಸದ ಹೊರೆ ಮತ್ತು ರೀತಿಯನ್ನೇ ಬದಲಿಸುವುದನ್ನೂ ಅದರಲ್ಲಿ ಸೇರಿಸಿತು. ನೌಕರರಿಗೆ ಯೋಗ ಶಿಬಿರ ಮಾಡಿ ಫೋಟೊ ತೆಗೆಸಿಕೊಂಡು ಕೈತೊಳೆದುಕೊಳ್ಳುವ ಇಲಾಖೆಗಳು ಅದನ್ನು ಓದಿದಂತಿಲ್ಲ.

ಒಬ್ಬರೇ ಹೋಗಿ ತಹಶೀಲ್ದಾರರ ಮುಂದೆ ನಿಲ್ಲಬೇಡಿ. ತಾಲ್ಲೂಕಿನ ಸಂಘದ ಮೂಲಕ ಒಂದೇ ಒಂದು ಸಣ್ಣ ವಿಷಯ ಕೇಳಿ: ರಾತ್ರಿ ಒಂಬತ್ತರ ಮೇಲೆ ಪರ್ಸೆಂಟ್ ಪಟ್ಟಿ ಹಾಕುವುದು ಬೇಡ, ನಿಜವಾದ ತುರ್ತಿದ್ದರೆ ಫೋನ್ ಮಾಡಲಿ. ಅಷ್ಟರೊಳಗೆ ನಿಮ್ಮ ರೆವಿನ್ಯೂ ಇನ್‌ಸ್ಪೆಕ್ಟರ್ ಸಾಹೇಬರಿಗೆ 'ತುರ್ತಿದ್ದರೆ ಕರೆ ಮಾಡಿ ಸರ್, ಎತ್ತುತ್ತೇನೆ' ಎಂದು ಹೇಳಿ, ಗ್ರೂಪನ್ನು ಮ್ಯೂಟ್ ಮಾಡಿ.

ಆ ಮಾತ್ರೆಯ ವಿಷಯ. ಮೆಡಿಕಲ್ ಶಾಪಿನಲ್ಲಿ ಹೀಗೆ ಸಿಗುವುದು ಹೆಚ್ಚಾಗಿ ಅಲ್ಪ್ರಜೋಲಮ್ ಜಾತಿಯದು. ಸ್ಟ್ರಿಪ್ಪಿನ ಹಿಂದೆ ಹೆಸರು ನೋಡಿ. ವೈದ್ಯರ ಚೀಟಿಯಿಲ್ಲದೆ ಅದನ್ನು ಕೊಡುವಂತೆಯೇ ಇಲ್ಲ. ನಿದ್ದೆ ಬರಿಸುತ್ತದೆ, ಜತೆಗೆ ಅಭ್ಯಾಸವೂ ಆಗುತ್ತದೆ, ಬರಬರುತ್ತ ಅರ್ಧ ಸಾಲದೆ ಒಂದು ಬೇಕಾಗುತ್ತದೆ. ಮರುದಿನ ಸ್ಕೂಟಿ ಓಡಿಸುವವರಿಗೆ ಮಂಪರು ಬೇರೆ. ವಾರಗಟ್ಟಲೆ ದಿನಾ ತಗೊಂಡಿದ್ದರೆ ಒಮ್ಮೆಗೇ ನಿಲ್ಲಿಸಬೇಡಿ, ವೈದ್ಯರೇ ಹಂತಹಂತವಾಗಿ ಇಳಿಸಬೇಕು. ಮನೋವೈದ್ಯರು ಆತಂಕಕ್ಕೆ ಸಾಮಾನ್ಯವಾಗಿ ಕೊಡುವ ಎಸ್ಸಿಟಾಲೊಪ್ರಾಮ್, ಸರ್ಟ್ರಲೀನ್‌ನಂಥವು ಬೇರೆ. ಅವುಗಳಿಂದ ಗುಣ ಕಾಣಲು ಕೆಲವು ವಾರ ಬೇಕು, ಮೊದಮೊದಲು ಹೊಟ್ಟೆ ತೊಳಸಬಹುದು, ತಳಮಳ ತುಸು ಹೆಚ್ಚಬಹುದು. ಎಷ್ಟೋ ಜನ ಬಿಟ್ಟುಬಿಡುವುದೇ ಆ ಮೊದಲ ವಾರದಲ್ಲಿ. ನಿಮಗೆ ಮಾತ್ರೆಯೇ ಬೇಕೋ, ಮಾತಿನ ಚಿಕಿತ್ಸೆಯಷ್ಟೇ ಸಾಕೋ ಎಂಬುದನ್ನು ಅವರು ನೋಡಿ ಹೇಳಲಿ. ಹಾಲುರಾಮೇಶ್ವರಕ್ಕೆ ಹೋಗಬೇಡಿ ಎಂದು ನಾನು ಹೇಳುವುದಿಲ್ಲ, ಅತ್ತೆಯವರ ಪ್ರೀತಿ ಅದು. ಡಾಕ್ಟರ ಬದಲಿಗೆ ಬೇಡ, ಅಷ್ಟೇ.

ಸರ್ವಿಸ್ ಬಗ್ಗೆ ಹೆದರಿಕೆ ಬಿಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ನಿಮ್ಮ ಚಿಕಿತ್ಸೆಯ ವಿವರ ಗೌಪ್ಯ. ನೀವು ಹೇಳದೆ ವೈದ್ಯರು ನಿಮ್ಮ ಕಚೇರಿಗೆ ಹೇಳುವಂತಿಲ್ಲ. ರಜೆಗೆ ಪ್ರಮಾಣಪತ್ರ ಬೇಕಾದರೆ ಅದರಲ್ಲಿ ಏನು ಬರೆಯುತ್ತಾರೆಂದು ಮೊದಲೇ ಮಾತಾಡಿಕೊಳ್ಳಿ. ಇದಕ್ಕೆಲ್ಲ ಬೆಂಗಳೂರಿಗೂ ಹೋಗಬೇಕಿಲ್ಲ. ಜಿಲ್ಲಾ ಮಟ್ಟದಲ್ಲೇ ಮಾನಸಿಕ ಚಿಕಿತ್ಸೆ ಕೊಡಬಹುದೆಂದು ನಿಮ್ಹಾನ್ಸ್‌ನವರು ಎಂಬತ್ತರ ದಶಕದಲ್ಲಿ ಪ್ರಯೋಗ ಮಾಡಿ ತೋರಿಸಿದ್ದೇ ನಮ್ಮ ಪಕ್ಕದ ಬಳ್ಳಾರಿಯಲ್ಲಿ. ಈಗ ಚಿತ್ರದುರ್ಗದ ಜಿಲ್ಲಾಸ್ಪತ್ರೆಯಿದೆ, ಜತೆಗೆ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬರುತ್ತಾರೆ. ಹೊಸದುರ್ಗದ ಸರದಿ ಯಾವ ವಾರ ಎಂದು ಆಸ್ಪತ್ರೆಯಲ್ಲಿ ವಿಚಾರಿಸಿ. ಊರಿನಲ್ಲಿ ಯಾರಾದರೂ ನೋಡಿಬಿಟ್ಟಾರು ಅನ್ನಿಸಿದರೆ ಚಿತ್ರದುರ್ಗಕ್ಕೇ ಹೋಗಿ.

ಕೆಲಸ ಬಿಡುವ ಪ್ರಶ್ನೆಗೆ ಈಗ ಉತ್ತರ ಹುಡುಕಬೇಡಿ. ನಿದ್ದೆಗೆಟ್ಟ ತಲೆಗೆ ಎಲ್ಲ ಕೆಲಸವೂ ಬಿಡಬೇಕು ಅನ್ನಿಸುತ್ತದೆ. ಚಿಕಿತ್ಸೆ ಶುರುವಾಗಿ, ಎರಡು ಮೂರು ತಿಂಗಳು ಸರಿಯಾಗಿ ನಿದ್ದೆಯಾದ ಮೇಲೂ ಬಿಡಬೇಕು ಅನ್ನಿಸಿದರೆ ಆಗ ಯಜಮಾನರೂ ನೀವೂ ಕೂತು ಲೆಕ್ಕ ಹಾಕಿ. ಆದರೆ ಅವರಿಗೆ ಹೇಳುವುದನ್ನು ಅಲ್ಲಿಯವರೆಗೆ ಮುಂದೂಡಬೇಡಿ. ಬಾಯಿಬಿಟ್ಟು ಹೇಳಲು ಆಗದಿದ್ದರೆ ಈ ವಾರ ಬಂದಾಗ ಈ ಪುಟವನ್ನೇ ಓದಲು ಕೊಡಿ, ಮಂಗಳವಾರ ಜತೆಗೆ ಬರಲು ಕೇಳಿ. ಇಬ್ಬರಿಗೂ ಅರ್ಧ ದಿನದ ಸಿ.ಎಲ್. ಸಾಕು.