ಏಣಿಯ ಲೆಕ್ಕ: ಕೋನದ ಅಳತೆ ಮತ್ತು ಏಕಮಾನ ವೃತ್ತ

ದಹಿಸರಿನ ನಮ್ಮ ವಾಚಕ ಮಿತ್ರರಲ್ಲಿ ಗೋಡೆಗೆ ಬಣ್ಣ ಬಳಿಯುವವರಿದ್ದಾರೆ, ವಿದ್ಯುತ್ ತಂತಿ ಎಳೆಯುವವರಿದ್ದಾರೆ. ಹಗಲು ದುಡಿದು ರಾತ್ರಿ ಪರೀಕ್ಷೆಗೆ ಓದುವ ಗುಮಾಸ್ತರೂ ಇದ್ದಾರೆ. ಎಲ್ಲರಿಗೂ ಬೇಕಾದ ಪಾಠವಿದು. ಏಣಿಯನ್ನೇ ಗುರುವೆಂದು ಭಾವಿಸೋಣ.

ನೆಲದ ಮೇಲೆ ಮಲಗಿಸಿದ ಏಣಿಯ ಬುಡವನ್ನು ಊರಿ, ತುದಿಯನ್ನು ಮೆಲ್ಲನೆ ಎತ್ತಿರಿ. ನೆಟ್ಟಗೆ ನಿಲ್ಲುವಷ್ಟರಲ್ಲಿ ತುದಿಯು ಗಾಳಿಯಲ್ಲಿ ವೃತ್ತದ ಕಾಲುಭಾಗವನ್ನು ಬರೆದಿರುತ್ತದೆ. ಏಣಿಯ ಉದ್ದ 1 ಎಂದುಕೊಂಡರೆ ಇದೇ ಏಕಮಾನ ವೃತ್ತ. ನೆಲದಿಂದ ತುದಿಯ ಎತ್ತರವೇ ಸೈನ್. ಬುಡದಿಂದ ಗೋಡೆಗಿರುವ ದೂರವೇ ಕೊಸೈನ್. ಗುಟ್ಟು ಇಷ್ಟೇ.

ಕೋನ 60 ಡಿಗ್ರಿಯಾದರೆ ಕೊಸೈನ್ 0.5. ಅಂದರೆ 20 ಅಡಿ ಏಣಿಯ ಬುಡ ಗೋಡೆಯಿಂದ 10 ಅಡಿ ದೂರ; ಬುಡ ಜಾರುವ ಭಯ ಹೆಚ್ಚು. 75 ಡಿಗ್ರಿಗೆ ಕೊಸೈನ್ 0.259, ಬುಡ 5 ಅಡಿ 2 ಅಂಗುಲ ದೂರ. ಎತ್ತರ ನಾಲ್ಕು ಪಾಲಾದರೆ ಬುಡ ಒಂದು ಪಾಲು ದೂರವಿರಲಿ ಎಂಬ ಕೆಲಸಗಾರರ ನಿಯಮ ಹೆಚ್ಚುಕಡಿಮೆ ಇದೇ. ಇದಕ್ಕಿಂತ ಬಹಳ ನೆಟ್ಟಗಾದರೆ ಏಣಿ ಹಿಂದಕ್ಕೆ ಮಗುಚೀತು.

90 ಡಿಗ್ರಿಯಲ್ಲಿ ಎತ್ತರವು ಏಣಿಯಷ್ಟೇ. ನಮ್ಮ ಪ್ರಾಚೀನರು ಈ ಎತ್ತರವನ್ನು ಜ್ಯಾ ಎಂದರು. ಒಂದು ರಾಶಿಗೆ 30 ಡಿಗ್ರಿ. ಮೂರು ರಾಶಿಗೆ 90. ಮೂರು ರಾಶಿಯ ಜ್ಯಾ ಆದ್ದರಿಂದಲೇ ವೃತ್ತದ ಅರ್ಧವ್ಯಾಸಕ್ಕೆ ತ್ರಿಜ್ಯ ಎಂಬ ಹೆಸರು. ಏಣಿ ಆಚೆ ಬದಿಗೆ ವಾಲಿ 120 ಡಿಗ್ರಿಯಾದರೆ ಎತ್ತರ 60 ಡಿಗ್ರಿಯದೇ. ದೂರ ಮಾತ್ರ ಎದುರು ದಿಕ್ಕಿನದು, ಋಣ 0.5.

ಇನ್ನು ರೇಡಿಯನ್. ಏಣಿಯುದ್ದದ ದಾರವನ್ನು ತುದಿ ಬರೆದ ಕಮಾನಿನ ಮೇಲೆ ಹಾಸಿದರೆ ಅದು ಆವರಿಸುವ ಕೋನವೇ 1 ರೇಡಿಯನ್, ಸುಮಾರು 57.3 ಡಿಗ್ರಿ. ಇಡೀ ವೃತ್ತಕ್ಕೆ ಅಂಥ ದಾರ 6.283 ಬೇಕು. ಡಿಗ್ರಿಗೆ 60 ಕಲೆಯಂತೆ 57.3ನ್ನು ಗುಣಿಸಿ ನೋಡಿರಿ: 3438. ಕ್ರಿ. ಶ. 499ರ ಸುಮಾರಿನ ಆರ್ಯಭಟನ ಜ್ಯಾಪಟ್ಟಿಯಲ್ಲಿ ತ್ರಿಜ್ಯ ಇಷ್ಟೇ ಕಲೆ!

ಪರೀಕ್ಷಾರ್ಥಿಗಳಿಗೆ ಒಂದು ಎಚ್ಚರಿಕೆ. ಗಣಕಯಂತ್ರವು ರೇಡಿಯನ್ ಕ್ರಮದಲ್ಲಿದ್ದರೆ 30ರ ಸೈನ್ 0.5 ಬಾರದೆ ಋಣ 0.988 ಬರುತ್ತದೆ. 30 ಡಿಗ್ರಿಗೆ ಎತ್ತಿದ ಏಣಿಯ ತುದಿ ನೆಲದ ಕೆಳಗೆ ಹೋದೀತೆ? ಹೀಗೆ ಕೇಳಿಕೊಂಡರೆ ತಪ್ಪು ತಾನೇ ಸಿಕ್ಕಿಬೀಳುತ್ತದೆ.

ಅಭ್ಯಾಸ: 12 ಅಡಿ ಏಣಿಯನ್ನು 75 ಡಿಗ್ರಿಗೆ ಒರಗಿಸಲು ಬುಡ ಎಷ್ಟು ದೂರವಿರಬೇಕು? (ಉತ್ತರ: ಸುಮಾರು 3 ಅಡಿ 1 ಅಂಗುಲ.)