ಮೋಟಾರು ಕಾರಿನಲ್ಲಿ ವೇಗದ ಎಚ್ಚರಿಕೆ

ಭಾರತದಲ್ಲಿ 2019ರ ಜುಲೈ 1ರಿಂದ ತಯಾರಾಗುವ ಕಾರುಗಳಲ್ಲಿ ವೇಗದ ಎಚ್ಚರಿಕೆ ಇರಲೇಬೇಕೆಂಬ ನಿಯಮವಿದೆ. ವೇಗವು ತಾಸಿಗೆ 80 ಕಿ.ಮೀ. ದಾಟಿದರೆ ಅದು ಬಿಟ್ಟುಬಿಟ್ಟು ಸದ್ದು ಮಾಡುತ್ತದೆ. 120 ದಾಟಿದರೆ ಎಡೆಬಿಡದೆ ಕೂಗುತ್ತದೆ.

ಇದು ಕೆಲಸ ಮಾಡುವ ಬಗೆ ಸರಳವಾದುದು. ಗಾಲಿಗಳು ತಿರುಗುವುದನ್ನು ಸೆನ್ಸರು ಎಣಿಸುತ್ತದೆ. ಕಾರಿನೊಳಗಿನ ಪುಟ್ಟ ಗಣಕವು ಆ ಎಣಿಕೆಯಿಂದ ವೇಗವನ್ನು ಲೆಕ್ಕ ಹಾಕಿ, ಗೊತ್ತುಪಡಿಸಿದ ಅಂಕಿಯೊಡನೆ ಹೋಲಿಸುತ್ತದೆ; ಮೀರಿದ್ದರೆ ಸದ್ದು ಹೊರಡುತ್ತದೆ. ಆದರೆ ವೇಗವನ್ನು ತಗ್ಗಿಸಬೇಕಾದವನು ಚಾಲಕನೇ.

ಸದ್ದಿಲ್ಲವೆಂದ ಮಾತ್ರಕ್ಕೆ ಅಪಾಯವಿಲ್ಲವೆಂದು ತಿಳಿಯಲಾಗದು. ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶವನ್ನೇ ನೋಡೋಣ. ಪುಣೆ–ಬೆಂಗಳೂರು ಹೆದ್ದಾರಿಯಿಂದ ಒಳಗೆ ತಿರುಗಿದ ಕಾರು 60ರ ವೇಗದಲ್ಲಿ ಓಡಿದರೂ ಎಚ್ಚರಿಕೆ ಮೌನವಾಗಿರುತ್ತದೆ. ಪಾಳಿ ಬಿಟ್ಟ ಹೊತ್ತಿಗೆ ನಮ್ಮ ತಂದೆಯವರಂಥ ಕೆಲಸಗಾರರು ಸೈಕಲ್ಲಿನಲ್ಲಿಯೋ ಕಾಲ್ನಡಿಗೆಯಲ್ಲಿಯೋ ಅದೇ ರಸ್ತೆಯಲ್ಲಿ ಬರುತ್ತಾರೆ. 60ರ ವೇಗವೆಂದರೆ ಸೆಕೆಂಡಿಗೆ ಸುಮಾರು 17 ಮೀಟರು. 40ರ ವೇಗಕ್ಕೆ ಹೋಲಿಸಿದರೆ ಕಾರಿನ ಚಲನಶಕ್ತಿ ಆಗ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು.

ನಿಯಮದ ಎರಡು ಅಂಕಿಗಳನ್ನು ಬದಲಿಸುವ ಅಥವಾ ಸದ್ದನ್ನು ಅಡಗಿಸುವ ಗೋಜಿಗೆ ಹೋಗಬಾರದು. ಆದರೆ ಅನೇಕ ಕಾರುಗಳಲ್ಲಿ ಅದಕ್ಕಿಂತ ಕಡಿಮೆಯ ಮಿತಿಯೊಂದನ್ನು ನಾವೇ ಸೇರಿಸಬಹುದು. ಕಾರನ್ನು ನಿಲ್ಲಿಸಿ, ಮುಂಫಲಕದ ಸೆಟ್ಟಿಂಗ್ಸ್ ತೆರೆದು, ವೇಗದ ಎಚ್ಚರಿಕೆಯನ್ನು ಆರಿಸಿ, 40 ಅಥವಾ 50 ಎಂದು ಇಡಬೇಕು. ಈ ಕ್ರಮ ಕಾರಿನಿಂದ ಕಾರಿಗೆ ಭಿನ್ನವಾದುದರಿಂದ ಕೈಪಿಡಿಯನ್ನು ಓದಿಕೊಳ್ಳುವುದು ಲೇಸು.

ಸರಕಾರದ ಅಂಕಿ ದೇಶದ ಎಲ್ಲ ರಸ್ತೆಗಳಿಗೂ ಒಂದೇ. ಕಾರ್ಖಾನೆಯ ಬಾಗಿಲಿನ ಮುಂದೆ ಯಾವ ಅಂಕಿ ತಕ್ಕುದೆಂಬುದನ್ನು ಸ್ಟಿಯರಿಂಗ್ ಹಿಡಿದವರೇ ನಿರ್ಧರಿಸಬೇಕು.